ಅಳತೆಗೆ ಬರೆದ ನಂಬರು

ಅತ್ತಿಗೆಯ ಅಂಗಡಿಯ ಬೋರ್ಡನ್ನೇ ನೋಡುತ್ತಿದ್ದಾರೆ, ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಹೆಸರನ್ನಲ್ಲ, ಫ್ಯಾನಿನ ಚಿತ್ರವನ್ನಲ್ಲ, ಕೆಳಗಿನ ಸಾಲನ್ನು, ತೆರಿಗೆ ನಂಬರನ್ನು — ಇಷ್ಟು ವರ್ಷ ಬೋರ್ಡು ಬರೆದಿದ್ದೇನೆ, ಒಬ್ಬ ಗಿರಾಕಿಯಾದರೂ ನಂಬರು ಓದಿದ್ದನ್ನು ಕಂಡಿಲ್ಲ, ಓದುವವರು ಇವರೊಬ್ಬರೇ, ತೆರಿಗೆಯವರು, ಕಂಕುಳಲ್ಲಿ ಫೈಲು, ಕಿಸೆಯಲ್ಲಿ ಪೆನ್ನು, ಈಗ ಮೊಬೈಲು ತೆಗೆದರು, ಮೇಲಕ್ಕೆ ಹಿಡಿದರು, ಫೋಟೋ, ಮುಗಿಯಿತು ಕಥೆ. ನಾನು ರಸ್ತೆಯ ಈಚೆ ಔಷಧಿ ಅಂಗಡಿಯ ಏಣಿಯ ಮೇಲೆ, ಅರ್ಧ ಬರೆದ ಅಕ್ಷರದ ಮುಂದೆ, ಹಸಿರು ಬಣ್ಣ ಬ್ರಷ್ಷಿನಿಂದ ಮಣಿಕಟ್ಟಿಗೆ ಇಳಿಯುತ್ತಿದೆ, ಒರೆಸಿಕೊಳ್ಳಬೇಕು, ಆಗುತ್ತಿಲ್ಲ. ಅವರೇನು ನನ್ನತ್ತ ತಿರುಗಿಯೂ ನೋಡಿಲ್ಲ, ನಾನೇ ತಲೆ ತಗ್ಗಿಸಿದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅತ್ತಿಗೆ ಒಳಗೆ ಕೂತು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿರಬೇಕು, ಸುತ್ತು ಎಣಿಸುವಾಗ ಅವರಿಗೆ ಭೂಮಿ ಬಿರಿದರೂ ಕೇಳಿಸದು, ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ಇನ್ನೂ ಗೊತ್ತಿಲ್ಲ.

ಅದು ಅಣ್ಣನ ನಂಬರು. ಅಣ್ಣ ಹೋದ ಮೇಲೆ ಅದೂ ಹೋಗಬೇಕಿತ್ತು, ತೆರಿಗೆ ಕಾಗದ ನೋಡಿಕೊಳ್ಳುವವರು ಬಿಡಿಸಿ ಹೇಳಿದ್ದರು, ನೋಡಮ್ಮ ನಂಬರು ಅಂಗಡಿಯದಲ್ಲ, ಮನುಷ್ಯನದು, ಮನುಷ್ಯ ಹೋದ್ರೆ ಅದೂ ರದ್ದು, ಹೆಂಡ್ತಿಗೂ ಬರಲ್ಲ ತಮ್ಮನಿಗೂ ಬರಲ್ಲ, ನಿಮ್ಮ ಹೆಸರಲ್ಲಿ ಹೊಸದು ಮಾಡಿಸ್ಬೇಕು. ಅತ್ತಿಗೆ ಹೂಂ ಎಂದರು, ತೋರಿಸಿದಲ್ಲೆಲ್ಲ ಸಹಿ ಹಾಕಿದರು, ಆಸ್ಪತ್ರೆಯಲ್ಲೂ ಅಳದವರು ಅಲ್ಲೂ ಅಳಲಿಲ್ಲ, ಮೆಟ್ಟಿಲಿಳಿಯುವಾಗ ಮಾತ್ರ ನಿಂತು, ಸತ್ತೋರ ನಂಬರನ್ನ ಏನು ಮಾಡ್ತಾರಪ್ಪಾ, ಬೇರೆ ಯಾರಿಗಾದ್ರೂ ಕೊಡ್ತಾರಾ ಎಂದು ಕೇಳಿದರು, ಇಲ್ಲ ಅತ್ತಿಗೆ ಯಾರಿಗೂ ಕೊಡಲ್ಲ ಎಂದೆ, ಇಲಾಖೆಯೇ ನನ್ನ ಕಿಸೆಯಲ್ಲಿರುವ ಹಾಗೆ. ಆಮೇಲೆ ಹೊಸ ಬೋರ್ಡು, ನೀಲಿ ಮೇಲೆ ಬಿಳಿ, ಅತ್ತಿಗೆಯ ಹೆಸರು, ಹೊಸ ನಂಬರು ಇನ್ನೂ ಬಂದಿರಲಿಲ್ಲ, ಬರದಿದ್ದರೆ ನಮ್ಮ ಕಸುಬಿನಲ್ಲಿ ಒಂದು ಉಪಾಯವಿದೆ, ಯಾವುದೋ ಒಂದು ನಂಬರನ್ನು ಅಳತೆಗೆಂದು ಸೀಮೆಸುಣ್ಣದಲ್ಲಿ ಬರೆದು ಜಾಗ ಹಿಡಿದಿಡುವುದು, ಅಸಲಿ ಬಂದಾಗ ಒರೆಸಿ ಬಣ್ಣದಲ್ಲಿ ಬರೆಯುವುದು. ಸೀಮೆಸುಣ್ಣ ಕಿಸೆಯಲ್ಲೇ ಇತ್ತು. ಆದರೆ ಅಣ್ಣನ ನಂಬರು ನನ್ನ ಕೈಗೆ ಬಾಯಿಪಾಠ, ಹಳೆಯ ಬೋರ್ಡು, ಶಟರು, ಗಾಡಿಯ ಬಾಗಿಲು, ಎಲ್ಲದರ ಮೇಲೂ ಬರೆದವನು ನಾನೇ, ಬ್ರಷ್ಷು ತನ್ನಷ್ಟಕ್ಕೆ ತಾನೇ ಹೋಯಿತು, ಎಣ್ಣೆಬಣ್ಣದಲ್ಲಿ, ಅಂಕಿಗಳಿಗೆ ನೆರಳು ಸಮೇತ — ಸುಳ್ಳು, ತನ್ನಷ್ಟಕ್ಕೆ ಹೋಗಲಿಲ್ಲ, ಎರಡನೆಯ ಅಂಕಿಗೇ ಗೊತ್ತಾಗಿತ್ತು, ಗೊತ್ತಾಗಿಯೂ ಮುಗಿಸಿದೆ, ಹೊಸದು ಬರುವವರೆಗಾದರೂ ಅಣ್ಣ ಇರಲಿ ಅಂತ. ಹೊಸದು ಬಂತು. ಅತ್ತಿಗೆ ಚೀಟಿಯಲ್ಲಿ ಬರೆದುಕೊಟ್ಟರು, ಬಿಡುವಾದಾಗ ತಿದ್ದಪ್ಪಾ ಎಂದರು, ಒಂದೇ ಸಲ, ಮತ್ತೆ ಆ ಮಾತೆತ್ತಲಿಲ್ಲ, ನಾನು ನಾಳೆ ಎಂದೆ, ಮರುದಿನವೂ ನಾಳೆ ಎಂದುಕೊಂಡೆ, ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ, ಈಗ ಹಾಳಾಗಲು ಹೊರಟಿರುವುದು ನನ್ನ ಮನೆಯಲ್ಲ.

ಒಳಗೆ ಹೋದರು. ಏಣಿಯಿಂದ ಇಳಿಯುತ್ತೇನೆ, ಕೊನೆಯ ಮೆಟ್ಟಿಲು ತಪ್ಪಿ ಮೊಣಕಾಲು ತರಚಿತು, ತರಚಲಿ, ಔಷಧಿಯವನು ಬೋರ್ಡು ಅರ್ಧಕ್ಕೇ ನಿಂತ್ಹೋಯ್ತಲ್ರೀ ಎನ್ನುತ್ತಿದ್ದಾನೆ, ಬಂದೆ ಬಂದೆ, ರಸ್ತೆಯಲ್ಲಿ ಬಸ್ಸು, ಬಸ್ಸಿನ ಹಿಂದೆ ಇನ್ನೊಂದು ಬಸ್ಸು, ಮೂಲೆಯ ಚಪ್ಪಲಿ ಅಂಗಡಿಗೆ ಹೋದ ತಿಂಗಳು ಹೀಗೇ ಆಯಿತು, ರದ್ದಾದ ನಂಬರು ಇಟ್ಟುಕೊಂಡು ವ್ಯಾಪಾರ, ಬಾಗಿಲಿಗೆ ಬೀಗ, ಬೀಗಕ್ಕೆ ಅರಗು, ಒಳಗೆ ರಿಪೇರಿಗೆ ಬಂದ ಚಪ್ಪಲಿಗಳು ಒಳಗೇ. ಅತ್ತಿಗೆಯ ಅಂಗಡಿಗೆ ಬೀಗ ಬಿದ್ದರೆ ತವರಿನವರು ಗಾಡಿ ಮಾಡಿಕೊಂಡು ಬಂದೇ ಬಿಡುತ್ತಾರೆ, ಅವರು ಕಾಯುತ್ತಿರುವುದೇ ಅದಕ್ಕೆ, ಹೆಂಗಸು ಮೋಟಾರು ಬಿಚ್ಕೊಂಡು ಕೂರೋದು ಯಾವ ಚಂದ, ಬಾ ನಮ್ಮ ಜೊತೆ ಇರು, ಇರು ಅಂದರೆ ಯಾರದೋ ಅಡಿಗೆಮನೆಯ ಮೂಲೆಯಲ್ಲಿ ಇರು ಅಂತ. ಅಣ್ಣನ ಹತ್ತಿರ ಕಲಿತು ಅಣ್ಣನಿಗಿಂತ ಬಿಗಿಯಾಗಿ ತಂತಿ ಸುತ್ತುವ ಕೈ ಅದು. ಮತ್ತೆ ಬಿಲ್ಲು, ಅಯ್ಯೋ, ಬಿಲ್ಲಿನ ಯೋಚನೆ ಈಗ ಬಂತಲ್ಲ ನನಗೆ, ಅಣ್ಣನ ನಂಬರು ಅಚ್ಚಾದ ಹಳೆಯ ಬಿಲ್ ಪುಸ್ತಕಗಳು ಇನ್ನೂ ಡ್ರಾಯರಿನಲ್ಲಿವೆ, ಪ್ರೆಸ್ಸಿನಿಂದ ಹೊತ್ತು ತಂದವನೇ ನಾನು, ಖಾಲಿ ಹಾಳೆ ಸುಮ್ಮನೆ ಯಾಕೆ ಹಾಳು ಎಂದು ಅತ್ತಿಗೆ ಗಿರಾಕಿಗಳಿಗೆ ಅವನ್ನೇ ಹರಿದು ಕೊಟ್ಟಿದ್ದರೆ, ಒಂದು ಹಾಳೆ ಸಾಕು, ಸತ್ತವರ ಹೆಸರಲ್ಲಿ ತೆರಿಗೆ ವಸೂಲಿ, ಬೋರ್ಡಿನ ತಪ್ಪಿಗಾದರೆ ಕೈಮುಗಿಯಬಹುದು, ಅದಕ್ಕೆ ಮುಗಿಯಲು ಕೈಯೇ ಇಲ್ಲ.

ನಾನು ರಸ್ತೆ ದಾಟಿ ಬಾಗಿಲು ಮುಟ್ಟುವಷ್ಟರಲ್ಲಿ, ಬೋರ್ಡಲ್ಲಿರೋದು ಯಾರ ನಂಬರಮ್ಮ ಎಂದು ಕೇಳುತ್ತಿದ್ದಾರೆ. ನಮ್ಮ ಯಜಮಾನ್ರದು ಎನ್ನುತ್ತಾರೆ ಅತ್ತಿಗೆ, ತಂತಿಯನ್ನು ಬಿಡದೆ, ಎಷ್ಟು ಸಲೀಸಾಗಿ, ಅವರು ಹಿಂದಿನ ಕೋಣೆಯಲ್ಲಿ ಊಟಕ್ಕೆ ಕೂತಿದ್ದಾರೆ ಎನ್ನುವ ಹಾಗೆ. ಎಲ್ಲಿದ್ದಾರೆ ಅವರು? ತೀರ್ಕೊಂಡ್ರು. ತೆರಿಗೆಯವರು ಫೈಲು ಬಿಚ್ಚಿದರು, ಬಿಲ್ ಪುಸ್ತಕ ತೋರಿಸಿ ಎಂದರು. ಡ್ರಾಯರು ಎಳೆದ ಸದ್ದು, ಹಳೆಯದಕ್ಕೆ ಹಳದಿ ರಟ್ಟು, ಹಳದಿ ಬರದಿರಲಿ, ಅತ್ತಿಗೆಯ ಕೈ ಒಳಗೆ ತಡಕುತ್ತಿದೆ, ಹಳದಿ ಬರದಿರಲಿ — ಕೆಂಪು. ಹೊಸದು. ತೆರಿಗೆಯವರು ಒಂದೊಂದೇ ಹಾಳೆ ಮಗುಚುತ್ತಾರೆ, ಎಲ್ಲದರಲ್ಲೂ ಅತ್ತಿಗೆಯ ನಂಬರು, ಹೋದ ಜೀವ ಬಂದ ಹಾಗಾಯಿತು ನನಗೆ. ಬಿಲ್ಲು ಸರಿಯಾಗಿದೆ, ಬೋರ್ಡ್ ಯಾಕೆ ಹೀಗೆ? ಸಾರ್ ಬರೆದವನು ನಾನು, ಅಳತೆಗೆ ಅಂತ ಬರೆದೆ, ತಿದ್ದೋದು ಮರೆತೆ, ಅವರಿಗೆ ಏನೂ ಗೊತ್ತಿಲ್ಲ. ಪೇಂಟರ್ ತಪ್ಪು ಅನ್ನಿ, ಹಾಗೇ ಬರ್ಕೋತೀನಿ ಎಂದು ಪೆನ್ನು ತೆಗೆದರು, ಒಳ್ಳೆಯವರು, ಬರೆದುಕೊಂಡು ಹೊರಟುಬಿಡಲಿ, ಅತ್ತಿಗೆ ಬಾಯಿ ತೆರೆಯದಿದ್ದರೆ ಸಾಕು, ತೆರೆದರು. ಅವನು ಮರೆತಿಲ್ಲ ಸಾರ್. ನಾನೇ ಮತ್ತೆ ಕೇಳ್ಲಿಲ್ಲ. ಬೆಳಿಗ್ಗೆ ಶಟರ್ ಎತ್ತೋವಾಗ ತಲೆ ಮೇಲೆ ಅವರ ನಂಬರು ಇರ್ತಿತ್ತು, ಇರ್ಲಿ ಅನ್ಕೊಂಡೆ. ನನಗೆ ಕೋಪ ಬಂತು, ಎಂಥ ಕೋಪ, ಇಷ್ಟು ದಿನ ಮಾತಾಡದವರು ಈಗ, ಇವರ ಮುಂದೆ, ಸತ್ಯ ಹೇಳಲು ಬೇರೆ ಗಳಿಗೆ ಸಿಗಲಿಲ್ಲವೇ, ಹಾಗಾದರೆ ಇಬ್ಬರೂ ಒಂದೇ ಆಟ ಆಡುತ್ತಿದ್ದೆವು, ನಾನು ನಾಳೆ ಅನ್ನುತ್ತಾ, ಅವರು ಕೇಳದೆ. ಪೆನ್ನು ಕಾಗದದ ಮೇಲೆ ನಿಂತಿದೆ. ಗೊತ್ತಿದ್ದೂ ಬಿಟ್ರಿ ಅಂತ ಬರೆದ್ರೆ ನಾನು ಬೀಗ ಹಾಕ್ಬೇಕಾಗುತ್ತಮ್ಮ, ನನ್ನ ಕೈಲಿ ಏನೂ ಇರಲ್ಲ. ಫ್ಯಾನೊಂದು ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿದೆ, ತೆರಿಗೆಯವರು ಪೆನ್ನಿಗೆ ಮುಚ್ಚಳ ಹಾಕಿದರು. ಈ ಮಾತು ನನ್ನ ಕಿವಿಗೆ ಬಿದ್ದಿಲ್ಲ ಎಂದರು. ಈಗಲೇ ಅಳಿಸಿ, ನನ್ನೆದುರಿಗೇ, ಅಳಿಸಿದ ಬೋರ್ಡಿನ ಫೋಟೋ ತಗೊಂಡು ಹೋಗ್ತೀನಿ.

ಏಣಿ ತಂದು ನಿಲ್ಲಿಸಿದೆ, ನೀಲಿ ಡಬ್ಬಿಯ ಮುಚ್ಚಳ ಎಬ್ಬಿಸಿದೆ, ಬೋರ್ಡಿನದೇ ನೀಲಿ, ಹತ್ತಿದೆ, ಬ್ರಷ್ಷು ಅದ್ದಿದೆ, ಅಷ್ಟೇ. ಎಷ್ಟು ಅಂಗಡಿಗಳ ಹೆಸರನ್ನು ಒಂದೇ ಎಳೆತಕ್ಕೆ ಅಳಿಸಿದ್ದೇನೆ, ಹಳೆಯ ಮಾಲೀಕರು ಕೆಳಗೆ ನಿಂತು ನೋಡುತ್ತಿರುವಾಗಲೇ, ಬಣ್ಣ ಅಂದರೆ ಬಣ್ಣ ಅಷ್ಟೇ ಎಂದು ಅವರಿಗೆ ಸಮಾಧಾನ ಬೇರೆ ಹೇಳಿದ್ದೇನೆ, ಈಗ ಈ ಒಂದು ಸಾಲಿಗೆ ತೋಳು ಮರಗಟ್ಟಿದೆ. ಇಳಿಯಪ್ಪಾ ಎನ್ನುತ್ತಾರೆ ಅತ್ತಿಗೆ, ಕೊಡು ಇಲ್ಲಿ, ನಿನ್ನ ಕೈಲಾಗಲ್ಲ. ಏಣಿ ಹತ್ತಿದವರಲ್ಲ ಅವರು, ಆದರೂ ಹತ್ತಿದರು, ಕೆಳಗೆ ನಾನು ಏಣಿ ಹಿಡಿದಿದ್ದೇನೆ, ಬಿಗಿಯಾಗಿ ಹಿಡ್ಕೋ ಎನ್ನುತ್ತಾರೆ, ಹಿಡಿದಿದ್ದೇನೆ, ಮೊದಲ ಅಂಕಿ ನೀಲಿಯೊಳಗೆ ಹೋಯಿತು, ಎರಡನೆಯದು, ಹಚ್ಚುವ ರೀತಿ ಗೊತ್ತಿಲ್ಲ, ಬಣ್ಣ ಸೋರಿ ನನ್ನ ಕೈ ಮೇಲೆ ಬೀಳುತ್ತಿದೆ, ಇನ್ನೊಂದು ಹೋಯಿತು, ನೆರಳಿನ ಸಮೇತ, ಇನ್ನೊಂದು, ಅತ್ತಿಗೆ ಬಾಯಲ್ಲಿ ಒಂದೊಂದನ್ನೂ ಹೇಳಿಕೊಂಡೇ ಅಳಿಸುತ್ತಿದ್ದಾರೆ, ಮೆಲ್ಲಗೆ, ನನಗೆ ಮಾತ್ರ ಕೇಳುವಷ್ಟು, ಕೊನೆಯದೊಂದು ಉಳಿದಿದೆ, ಏಳು, ಏಳು ಎಂದರು. ತೆರಿಗೆಯವರು ಮೊಬೈಲು ಎತ್ತಿ ಕಾಯುತ್ತಿದ್ದಾರೆ. ಹಚ್ಚಿಬಿಡಿ ಅತ್ತಿಗೆ. ಮೇಲೆ ನೋಡುತ್ತೇನೆ, ಎತ್ತಿದ ಕೈ, ಕೈಯಲ್ಲಿ ಬ್ರಷ್ಷು, ಬ್ರಷ್ಷಿನಿಂದ ಗೇಣು ದೂರದಲ್ಲಿ ಆ ಏಳು, ಕೈ ಮುಂದಕ್ಕೆ ಹೋಗುತ್ತಿಲ್ಲ, ಕೆಳಕ್ಕೂ ಬರುತ್ತಿಲ್ಲ, ಹಚ್ಚಿ ಅತ್ತಿಗೆ, ಎತ್ತಿದ ಕೈ, ಹಸಿ ಬ್ರಷ್ಷು, ಏಳು, ಎತ್ತಿದ ಕೈ