ಏರಿಯ ಮೇಲೆ ಬಿಚ್ಚುವ ಕೊಡೆ

ಹೇಮಚಂದ್ರ ಮಾಸ್ತರರು ಮಳೆಗೆ ಕೊಡೆ ಬಿಚ್ಚಲು ಮರೆತಾರು, ಕೆರೆಯ ಏರಿಯ ಮೇಲೆ ಮಾತ್ರ ಎಂದೂ ಮರೆತವರಲ್ಲ. ಬೆಳ್ತಂಗಡಿಯಿಂದ ಕಕ್ಕಿಂಜೆಗೆ ಹೋಗುವ ಮಾರ್ಗದ ಬದಿಯ ನಮ್ಮ ಶಾಲೆಗೆ ಆ ಏರಿಯೇ ದಾರಿ. ಮೋಡ ಕವಿದ ಮುಂಜಾನೆಯಿರಲಿ, ಬಿಸಿಲಿಳಿದ ಸಂಜೆಯಿರಲಿ, ಏರಿ ಹತ್ತಿದೊಡನೆ ಅವರ ಕೊಡೆ ಬಿಚ್ಚಿಕೊಂಡು, ಹೋಗುವಾಗ ಎಡಕ್ಕೂ ಬರುವಾಗ ಬಲಕ್ಕೂ ವಾಲಿ, ಅಲ್ಲಿ ನಿಂತ ಶಾಸನದ ಕಲ್ಲಿಗೂ ಅವರ ಮುಖಕ್ಕೂ ನಡುವೆ ಮರೆಯಾಗಿ ನಿಲ್ಲುತ್ತಿತ್ತು. ಮಾಷ್ಟ್ರ ಬಿಸಿಲು ದಿಕ್ಕು ಬದಲಿಸುತ್ತದೆ ಎಂದು ಊರವರು ನಗುತ್ತಿದ್ದರು. ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನನಗೆ ಕಾರಣ ಗೊತ್ತಿದ್ದುದರಿಂದ ನಗು ಬರುತ್ತಿರಲಿಲ್ಲ.

ಮಾಸ್ತರರು ಮೂಡಬಿದಿರೆಯ ಬಸದಿಯೊಂದರ ಅಂಗಳದಲ್ಲಿ ಆಡಿ ಬೆಳೆದವರು. ಅಲ್ಲಿ ಅವರು ಕಂಡ ಕಲ್ಲುಗಳೆಲ್ಲ ದಾನಧರ್ಮದ ಮಾತನ್ನೇ ಹೇಳುತ್ತಿದ್ದವಾಗಿ, ಲೋಕದ ಕಲ್ಲುಗಳೆಲ್ಲ ಅದನ್ನೇ ಹೇಳುತ್ತವೆಂದು ನಂಬಿದ್ದರು. ಅವರ ಕರಿಯ ಕೋಟಿನ ಒಂದು ಕಿಸೆಯಲ್ಲಿ ಸೀಮೆಸುಣ್ಣದ ಪುಡಿ, ಇನ್ನೊಂದರಲ್ಲಿ ಕಲ್ಲು ಉಜ್ಜುವ ತೆಂಗಿನ ನಾರು. ರಜೆ ಬಂತೆಂದರೆ ಬಂಟ್ವಾಳ, ಪಾಣೆಮಂಗಳೂರುಗಳ ಹೊಳೆಬದಿಯಲ್ಲಿ ಪೊದೆ ಸರಿಸುತ್ತ, ಬೆನ್ನು ಬಾಗಿಸಿ, ಕಳೆದುಹೋದ ಕರುವನ್ನು ಅರಸುವವರಂತೆ ಶಾಸನಗಳಿಗಾಗಿ ಅಲೆಯುತ್ತಿದ್ದರು. ಓದಿದ್ದನ್ನು ಹೇಳಿ ಮುಗಿಸುವಾಗ 'ಸಂಶಯವಿಲ್ಲ' ಎಂಬ ಮಾತೊಂದು ತಪ್ಪದೆ ಬರುತ್ತಿತ್ತು. ಆ ಮಾತಿಗೆ ನಾವೆಲ್ಲ ತಲೆದೂಗಿದವರೇ.

ಕನ್ನಡನಾಡು ಒಂದಾದ ವರ್ಷ ಅವರ ಉತ್ಸಾಹ ಕಟ್ಟೆಯೊಡೆಯಿತು. ಏರಿಯ ಕಲ್ಲು ಸವೆದು ಅಲ್ಲೊಂದು ಇಲ್ಲೊಂದು ಅಕ್ಷರವಷ್ಟೇ ಉಳಿದಿತ್ತು. ಪೂರ್ವಕಾಲದ ಶ್ರೇಷ್ಠಿಯೊಬ್ಬ ಧರ್ಮಾರ್ಥವಾಗಿ ಕೆರೆ ಕಟ್ಟಿಸಿದನೆಂದು ಅವರು ಅದನ್ನು ಓದಿದರು. ಮಕ್ಕಳು ಸರಾಗವಾಗಿ ಓದಲಿ ಎಂದು, ತಾವು ಓದಿದಂತೆಯೇ ಸೀಮೆಸುಣ್ಣದಲ್ಲಿ ಬರೆದು, ಕಲ್ಲುಕುಟಿಗ ಹುಕ್ರಪ್ಪನಿಂದ ಅಕ್ಷರಗಳನ್ನು ಆಳವಾಗಿ ಕೊರೆಸಿದರು. ಒಂದೆಡೆ ಹುಕ್ರಪ್ಪ ಉಳಿ ತಡೆದು, ಇಲ್ಲಿ ಏನೂ ಕಾಣುವುದಿಲ್ಲವಲ್ಲ ಎಂದ.

"ಉಂಟು ಮಾರಾಯ, ಕೊರೆ. ಸಂಶಯವಿಲ್ಲ," ಎಂದರು ಮಾಸ್ತರರು.

ಏರಿಯ ಕೆಳಗೆ ಗದ್ದೆ ಮಾಡಿಕೊಂಡಿದ್ದ ಕೂಸಪ್ಪನ ಮನೆಯವರು ಆ ಕಲ್ಲಿಗೆ ದೀಪಾವಳಿಯ ಸಂಜೆ ಹಣತೆಯಿಟ್ಟು ಅವಲಕ್ಕಿ ಬಡಿಸುತ್ತಿದ್ದರು. ಏರಿ ಒಡೆದ ಯಾವುದೋ ಮಳೆಗಾಲದಲ್ಲಿ ಅದನ್ನು ಉಳಿಸಲು ಹೋಗಿ ಸತ್ತ ತಮ್ಮ ಹಿರಿಯನೊಬ್ಬನ ಕಲ್ಲು ಅದು ಎಂಬುದು ಅವರ ಮನೆಯ ಮಾತು. ಮಾಸ್ತರರು ಕೂಸಪ್ಪನನ್ನು ಕರೆದು, ಪಾಠ ಹೇಳುವ ಅಕ್ಕರೆಯಿಂದಲೇ, ಇದು ನಿಮ್ಮವರದ್ದಲ್ಲ ಎಂದು ತಿಳಿಸಿದರು. ಮುಂದಿನ ದೀಪಾವಳಿಗೆ ಅಲ್ಲಿ ಹಣತೆ ಉರಿಯಲಿಲ್ಲ. ಮೂಢನಂಬಿಕೆಯೊಂದು ನೀಗಿತೆಂದು ಅವರು ನನ್ನೊಡನೆ ಹೇಳಿ ಸಂತೋಷಪಟ್ಟರು.

ಅರವತ್ತಮೂರನೇ ಇಸವಿಯಲ್ಲಿ ಏರಿಯನ್ನು ಅಗಲಿಸುವಾಗ ಕಲ್ಲನ್ನು ಕಿತ್ತರು. ಮಣ್ಣಿನೊಳಗೆ ಹುಗಿದಿದ್ದ ಬುಡದಲ್ಲಿ, ಮಳೆಗಾಳಿ ಸೋಕದ, ಉಳಿಯೂ ಸೋಕದ ಎರಡು ಸಾಲುಗಳಿದ್ದವು. ಮಾಸ್ತರರು ಮೊಣಕಾಲೂರಿ, ನಾರಿನಿಂದ ಕೆಸರು ಒರೆಸಿ ಓದಿದರು: ಏರಿಯಲ್ಲಿ ಮಡಿದ ಇವನಿಗೆ ಇವನ ಸಂತತಿಯವರು ವರ್ಷಕ್ಕೊಮ್ಮೆ ಇಲ್ಲಿ ದೀಪವಿಡತಕ್ಕದ್ದು. ಮತ್ತೆ ಓದಿದರು. ಆಮೇಲೆ ಕೋಟಿನ ಮಣ್ಣನ್ನೂ ಕೊಡವದೆ, ಬನ್ನಿ ಹೋಗುವ ಎಂದು ನನಗೆ ಹೇಳಿ, ಕೂಸಪ್ಪನ ಮನೆಯತ್ತ ನಡೆದರು.

ಕೂಸಪ್ಪ ಚಾಪೆ ಹಾಸಿ, ಬೆಲ್ಲ ನೀರು ತಂದಿಟ್ಟ. ಮಾಸ್ತರರು ಕೂರದೆ ನಿಂತೇ ಎಲ್ಲವನ್ನೂ ಹೇಳಿದರು. ಕೂಸಪ್ಪನ ಮುಖ ಬೆಳಗಿತು. ಅವನು ಕೇಳಿದ್ದು ಒಂದೇ.

"ಅವರ ಹೆಸರು ಏನೂಂತ ಉಂಟು ಮಾಷ್ಟ್ರೆ?"

ಮಾಸ್ತರರು ಕೈಯಲ್ಲೇ ಉಳಿದಿದ್ದ ಕೆಸರು ನಾರನ್ನು ಕಿಸೆಗೆ ತುರುಕಿದರು. "ಹೆಸರು ಮೇಲಿನ ಸಾಲಿನಲ್ಲಿ ಇದ್ದಿರಬೇಕು ಕೂಸಪ್ಪ. ಅದರ ಮೇಲೆ ನಾನು ಬೇರೆಯದನ್ನು ಕೊರೆಸಿದೆ."

ಕೂಸಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

"ನಮಗೆ ಓದಲಿಕ್ಕೆ ಬರುವುದಿಲ್ಲ," ಎಂದ. "ನಾವು ಕಲ್ಲನ್ನು ನಂಬಿದ್ದಲ್ಲ ಮಾಷ್ಟ್ರೆ, ನಿಮ್ಮನ್ನು ನಂಬಿದ್ದು."

ಮಾಸ್ತರರಿಗೆ ಆ ನೀರು ಕುಡಿಯಲಾಗಲಿಲ್ಲ. ಏರಿಯ ಮೇಲೆ ಕೊಡೆ ಬಿಚ್ಚತೊಡಗಿದ್ದು ಕಲ್ಲನ್ನು ಮತ್ತೆ ನಿಲ್ಲಿಸಿದ ದಿನದಿಂದ. 'ಸಂಶಯವಿಲ್ಲ' ಎಂಬ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ. ಮುಂದೆ ಕಂಡ ಕಲ್ಲುಗಳನ್ನೆಲ್ಲ ನಕಲು ಮಾಡಿಕೊಳ್ಳುವಾಗ, ಕಾಣದ ಅಕ್ಷರದ ಜಾಗದಲ್ಲಿ ಬರೀ ಚುಕ್ಕಿಯಿಡುತ್ತಿದ್ದರು. ಮಕ್ಕಳು ಅವರಿಗೆ ಚುಕ್ಕಿ ಮಾಷ್ಟ್ರು ಎಂದು ಹೆಸರಿಟ್ಟರು.

ಆ ವರ್ಷದ ದೀಪಾವಳಿಗೆ ಹಣತೆ ಮತ್ತೆ ಉರಿಯಿತು. ಕೂಸಪ್ಪ ತೀರಿಹೋದ ತನ್ನ ಹಿರಿಯರನ್ನೆಲ್ಲ ಹೆಸರು ಹಿಡಿದು ಕರೆದು, ಕೊನೆಗೆ ಕಲ್ಲಿನತ್ತ ತಿರುಗಿ, ಕರೆಯಲು ಹೆಸರಿಲ್ಲದೆ ಸುಮ್ಮನೆ ಕೈಮುಗಿದ. ತುಸು ದೂರದಲ್ಲಿ ಕೊಡೆಯ ಮರೆಯಲ್ಲಿ ಮಾಸ್ತರರು ನಿಂತಿದ್ದರು.

ಗತಕಾಲವನ್ನು ಅತಿಯಾಗಿ ಪ್ರೀತಿಸುವವರಿಗೆ ಅದರ ಮೌನ ಸಹ್ಯವಾಗುವುದಿಲ್ಲ. ಅದು ಹೇಳದೆ ಬಿಟ್ಟದ್ದನ್ನು ತಮ್ಮ ದನಿಯಲ್ಲಿ ತುಂಬಿ, ಅದೇ ಮಾತಾಡಿತೆಂದು ಹಿಗ್ಗುತ್ತಾರೆ. ಅಂಥವರು ಊರಿಗೊಬ್ಬರು ಇರುತ್ತಾರೆ, ಬಹುಪಾಲು ಸನ್ಮಾನದ ಶಾಲು ಹೊದ್ದೇ ಸಾಯುತ್ತಾರೆ. ತಾವು ಅಳಿಸಿದ ಹೆಸರಿನ ಮುಂದೆ ಮುಖವೆತ್ತಲಾರದೆ ನಡೆದವರನ್ನು ನಾನು ಕಂಡದ್ದು ಒಬ್ಬರನ್ನೇ.