ಅರ್ಧ ಪಾಸ್‌ವರ್ಡು

ಆಸ್ಪತ್ರೆಯ ಕಂಪ್ಯೂಟರುಗಳ ಮಾಸ್ಟರ್ ಖಾತೆಯಿಂದ ಇವತ್ತು ಬೆಳಗ್ಗೆ ಒಂಬತ್ತೂವರೆಗೆ ನನ್ನ ಹೆಸರು ತೆಗೆದು ಎದುರು ಮೇಜಿನವಳ ಹೆಸರು ಹಾಕಿದರು. ಪರದೆಯ ಮೇಲೆ ಒಂದೇ ಸಾಲು, ನಿಮ್ಮ ಕೋರಿಕೆ ಒಪ್ಪಿಗೆಗಾಗಿ ಕಾದಿದೆ, ಕಾದಿದೆಯಂತೆ, ಹನ್ನೊಂದು ವರ್ಷ ಈ ಸರ್ವರುಗಳ ಜ್ವರ ಕೆಮ್ಮು ನೋಡಿಕೊಂಡವಳು ನಾನು, ಈಗ ಒಂದು ಫೈಲು ತೆರೆಯಲು ಅವಳ ಅಪ್ಪಣೆ ಬೇಕು — ಅಗೋ, ಫೋನ್ ಎತ್ತಿಕೊಂಡಳು, ನೀಲಿ ಬಣ್ಣ ಹಚ್ಚಿದ ಹೆಬ್ಬೆರಳಿನ ಉಗುರು ಒಪ್ಪಿಗೆಯ ಗುಂಡಿಯ ಮೇಲೆ ಒಂದು ಕ್ಷಣ ನಿಂತಿತು, ಬೇಕೆಂದೇ ನಿಲ್ಲಿಸಿದಳೇ, ಒತ್ತಿದಳು, ಆಯ್ತು ನೋಡಕ್ಕಾ, ಅಕ್ಕನಂತೆ ಅಕ್ಕ, ಬಂದ ಹೊಸದರಲ್ಲಿ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿನಡಿ ಇಟ್ಟಿದ್ದವಳು, ಆ ಚೀಟಿ ಹರಿದು ಅ ಆ ಇ ಈ ಕಲಿಸಿದವಳು ನಾನು, ನನ್ನ ಡಬ್ಬಿಯಲ್ಲೇ ಕೈಹಾಕಿ ಉಣ್ಣುತ್ತಿದ್ದಳು, ಈಗ ಸಾಹೇಬರ ಕೋಣೆಯಲ್ಲಿ ಕಾಫಿ, ಹೊಟ್ಟೆಕಿಚ್ಚು ಅಂತಾರೆ ಇದಕ್ಕೆ, ಅನ್ನಲಿ, ಉರಿಯುತ್ತಿರುವುದು ನನ್ನ ಹೊಟ್ಟೆ — ಕಂಪ್ಯೂಟರಿಗೆ ಈ ಬೀಗದ ಸಾಫ್ಟ್‌ವೇರ್ ಆರಿಸಿದವಳೂ ನಾನೇ, ಅದೇ ಕುಟುಕುವುದು, ಮೂರು ಕಂಪನಿಯವರು ಟೈ ಕಟ್ಟಿಕೊಂಡು ಬಂದಿದ್ದರು, ಮೂವರಿಗೂ ಒಂದೇ ಪ್ರಶ್ನೆ ಕೇಳಿದ್ದೆ, ಬೀಗದ ಕೈ ಇಟ್ಕೊಂಡವರನ್ನೂ ಇದು ತಡೆಯುತ್ತಾ, ಇಬ್ಬರು ನಕ್ಕರು, ಮೂರನೆಯವನು ಮಾತ್ರ, ತಡೆಯುತ್ತೆ ಮೇಡಂ, ನಿಮ್ಮನ್ನೂ ತಡೆಯುತ್ತೆ, ಅವನದ್ದನ್ನೇ ಕೊಳ್ಳಿ ಎಂದು ಬರೆದೆ, ಯಾರಿಗೂ ಕಾಯಂ ಅಧಿಕಾರ ಬೇಡ, ಕೆಲಸಕ್ಕೆ ತಕ್ಕಷ್ಟು, ಹೊತ್ತಿಗೆ ತಕ್ಕಷ್ಟು, ಅದೂ ಇನ್ನೊಬ್ಬರ ಒಪ್ಪಿಗೆಯ ಮೇಲೆ, ಆ ಇನ್ನೊಬ್ಬರು ಅವಳಾಗುತ್ತಾಳೆಂದು ಗೊತ್ತಿದ್ದರೆ ಬರೆಯುತ್ತಿದ್ದೆನೇ, ಬಿಡು — ಬೂಟಿನ ಸದ್ದು, ಸಾಹೇಬರು, ಕೈಯಲ್ಲಿ ಲಕೋಟೆ, ಎಲ್ಲ ಕೆಟ್ಟು ನಿಂತಾಗ ಮಾತ್ರ ಬಳಸುವ ತುರ್ತು ಪಾಸ್‌ವರ್ಡು, ಅರ್ಧ ನನ್ನ ತಲೆಯಲ್ಲಿ, ಇನ್ನರ್ಧ ಇವತ್ತಿನಿಂದ ಅವಳ ಹತ್ತಿರ, ಎರಡೂ ಸೇರಿದರೆ ಯಾವ ರೋಗಿಯ ಯಾವ ಕಡತವೂ ತೆರೆದೀತು, ತೆರೆದವರ ಗುರುತೂ ಉಳಿಯದು, ನಿಮ್ಮ ಅರ್ಧಾನೂ ಇದ್ರಲ್ಲಿ ಬರೆದಿಟ್ಟು ಅವಳಿಗೇ ಕೊಟ್ಬಿಡಿ ಅಂದರು, ತುರ್ತಿಗೆ ಇಬ್ಬಿಬ್ಬರನ್ನ ಎಲ್ಲಿ ಹುಡುಕ್ಕೊಂಡು ಕೂರೋದು, ನಂಬಿಕಸ್ಥೆ ಅವಳು, ಹಾಗಾದರೆ ನಾನೇನು ಕಳ್ಳಿಯೇ, ಬರೆದರೆ ಒಳ್ಳೆಯವಳು, ಬರೆಯದಿದ್ದರೆ ಹೊಟ್ಟೆಕಿಚ್ಚಿನವಳು, ಎಂಥ ಬೋನು ನೋಡು, ಎರಡೂ ಅರ್ಧ ನನ್ನ ಕೈಗೇ ಕೊಟ್ಟಿದ್ದರೆ ಬೇಡ ಅನ್ನುತ್ತಿದ್ದೆನೇ, ಅನ್ನುತ್ತಿರಲಿಲ್ಲವೇನೋ, ಅದಕ್ಕೇ ಅಲ್ಲವೇ ಎರಡೂ ಅರ್ಧ ಒಬ್ಬರ ಕೈಗೇ ಸೇರಬಾರದೆಂದು ನಿಯಮ ಬರೆದದ್ದು, ಅವಳಂಥವರಿಗೆ, ಸಾಹೇಬರಂಥವರಿಗೆ, ಥೂ, ನನ್ನಂಥವರಿಗೂ — ಪೆನ್ನು ಕೈಗಿಟ್ಟಿದ್ದಾರೆ, ಅವಳು ಲಕೋಟೆಯ ಬಾಯನ್ನು ಆಗಲೇ ಬಿಡಿಸಿ ಹಿಡಿದಿದ್ದಾಳೆ, ಬರಿಯಕ್ಕಾ, ನನ್ ಮೇಲೆ ಸಿಟ್ಟಾ, ಸಿಟ್ಟೇ ಕಣೇ, ಉರಿ ಕಣೇ, ಆದರೆ ಇದು ಉರಿಗಲ್ಲ, ಉರಿಗೂ ಹೌದು, ಇರಲಿ, ಪೆನ್ನಿಗೆ ಮುಚ್ಚಳ ಹಾಕಿದೆ, ಬರೆಯಲ್ಲ ಸಾರ್, ಏನಂದ್ರಿ, ಬರೆಯಲ್ಲ ಅಂದೆ, ಲಕೋಟೆಯ ಅಂಚಿನ ಮೇಲೆ ಆ ಹೆಬ್ಬೆರಳು, ಒತ್ತಲು ಏನೂ ಇಲ್ಲದೆ, ಆ ನೀಲಿ ಉಗುರು, ನೀಲಿ ಉಗುರು