ಮೊಣಕೈ ಕೆಡಿಸಿದ ಪರೀಕ್ಷೆ

ವರದಿ ಫೋನಿಗೆ ಬಂದದ್ದೇ ತಡ, ಬಸ್ ಡ್ರೈವರನ ಮುಖ ಊರಗಲವಾಯಿತು.

"ನೋಡೇ, ಏನೂ ಇಲ್ವಂತೆ! ನಿದ್ದೇಲಿ ಉಸಿರು ನಿಲ್ಲೋದು ತೀರಾ ಕಮ್ಮಿ ಅಂತ ಬಂದಿದೆ. ನಾಡಿದ್ದಿಂದ ಮತ್ತೆ ಸ್ಟೀರಿಂಗು ನನ್ನ ಕೈಗೆ."

ಹೆಂಡತಿ ಬಿಡಿಸುತ್ತಿದ್ದ ಸೊಪ್ಪನ್ನು ಕೈಯಲ್ಲೇ ಹಿಡಿದು ನಿಂತಳು. ಸಂತೋಷಪಡಬೇಕಾದವಳಿಗೆ ಆ ವರದಿ ನಂಬಿಕೆಯಾಗಲಿಲ್ಲ.

ಹೋದ ತಿಂಗಳು ಹಾಡಹಗಲೇ ಅವನಿಗೆ ಜೋಂಪು ಹತ್ತಿ ಬಸ್ಸು ಡಿಪೋದ ಗೋಡೆಗೆ ಮುತ್ತಿಟ್ಟಿತ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಗೊರಕೆಯ ಪುರಾಣ ಕೇಳಿದ ಡಾಕ್ಟರಮ್ಮ ಒಂದು ಪುಟ್ಟ ಯಂತ್ರ ಕೊಟ್ಟಿದ್ದರು. ಬೆರಳಿಗೊಂದು ಕ್ಲಿಪ್ಪು, ಎದೆಗೊಂದು ಪಟ್ಟಿ, ಮೂಗಿಗೊಂದು ಕೊಳವೆ. "ಮನೇಲೇ ಒಂದು ರಾತ್ರಿ ಕಟ್ಕೊಂಡು ಮಲಗಿ. ದಿನಾ ಹೇಗೆ ಮಲಗ್ತೀರೋ ಹಾಗೇ ಮಲಗಿ" ಎಂದಿದ್ದರು.

ಎಡವಟ್ಟಾದದ್ದು ಅಲ್ಲೇ. ದಿನಾ ಮಲಗುವುದೆಂದರೆ ಗೋಡೆ ಬದಿಗೆ ಅವನು, ಈಚೆಗೆ ಅವಳು, ನಡುವೆ ಅವಳ ಮೊಣಕೈ. ಮದುವೆಯಾದ ಹೊಸದರಲ್ಲಿ, ಗೊರಕೆ ತಟಕ್ಕನೆ ನಿಂತಾಗ ಗಾಬರಿಬಿದ್ದು ತಿವಿದಿದ್ದಳು. ಈಗ ಕಣ್ಣು ಬಿಡದೆಯೇ ತಿವಿಯುತ್ತಾಳೆ. ಅವನು ಮಗ್ಗುಲು ಬದಲಿಸುತ್ತಾನೆ, ಉಸಿರು ಬರುತ್ತದೆ. ಪರೀಕ್ಷೆಯ ರಾತ್ರಿಯೂ ಮೊಣಕೈ ತನ್ನ ಕೆಲಸ ಬಿಟ್ಟಿರಲಿಲ್ಲ.

ಹೇಳಿದರೆ ಗಂಡನ ಕೆಲಸಕ್ಕೆ ಕುತ್ತು. ಹೇಳದಿದ್ದರೆ ಇವನ ಜೊತೆಗೆ ಒಂದು ಬಸ್ಸು ತುಂಬ ಜನ. ನುಂಗಲಾರದ, ಉಗುಳಲಾರದ ಬಿಸಿತುಪ್ಪ. ಮಧ್ಯಾಹ್ನದವರೆಗೆ ಬಾಯಲ್ಲಿಟ್ಟುಕೊಂಡು ಒದ್ದಾಡಿ, ಕೊನೆಗೆ ಉಗುಳಿಯೇಬಿಟ್ಟಳು.

"ರೀ, ಆ ವರದಿ ಸರಿಯಿಲ್ಲ. ರಾತ್ರಿಯೆಲ್ಲ ನಾನು ನಿಮ್ಮನ್ನ ತಿವೀತಾನೇ ಇದ್ದೆ."

"ನಿನ್ನ ಬಾಯಿ ಸುಮ್ನಿರಲ್ಲ ಅಲ್ವಾ? ಪಾಸಾದವನನ್ನ ಫೇಲ್ ಮಾಡ್ತೀಯಾ?"

"ಬೈಯಿರಿ. ನೀವಿದ್ರೆ ತಾನೇ ಬೈಯೋದು!"

ಅವನು ದುಮುಗುಡುತ್ತಾ ಎದ್ದು ಹೋದ. ಸಂಜೆ ತಾನೇ ಡಾಕ್ಟರಮ್ಮನಿಗೆ ಫೋನು ಮಾಡಿದ. ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಉಸಿರು ನಿಂತ ತಕ್ಷಣ ಎಬ್ಬಿಸಿದ್ರೆ ಯಂತ್ರ ಅದನ್ನ ಲೆಕ್ಕಕ್ಕೇ ಹಿಡಿಯಲ್ಲ. ಇನ್ನೊಂದು ರಾತ್ರಿ ಕಟ್ಕೊಳ್ಳಿ. ಈ ಸಲ ಮನೆಯವರು ಬೇರೆ ಕೋಣೇಲಿ ಮಲಗಲಿ."

ಅವಳು ನಡುಮನೆಯ ಸೋಫಾದಲ್ಲಿ ಮಲಗಿದಳು. ಮಲಗಿದಳು ಎಂದು ಹೇಳಬೇಕಷ್ಟೆ. ಗೊರಕೆ ಶುರುವಾಯಿತು, ನಿಂತಿತು. ಅವಳು ಓಡಿಹೋಗಿ ಚಿಲಕ ಹಿಡಿದಳು. ಒಳಗೆ ಸದ್ದಿಲ್ಲ. ಹೋಗಿ ಎಬ್ಬಿಸಿದರೆ ಈ ರಾತ್ರಿಯೂ ಕೆಟ್ಟಂತೆ. ಉಸಿರು ಬರದೇ ಹೋದರೆ? ಬಂದೀತು, ಇಷ್ಟು ವರ್ಷ ಬಂದಿದೆಯಲ್ಲ. ಆದರೆ ಇಷ್ಟು ವರ್ಷ ಅವಳು ಪಕ್ಕದಲ್ಲಿದ್ದಳು. ಹಲ್ಲು ಕಚ್ಚಿ ನಿಂತಳು. ಕಡೆಗೊಮ್ಮೆ ಮುಳುಗಿದವನು ಮೇಲೆದ್ದಂತೆ ಅವನು ಉಸಿರೆಳೆದ. ಸೋಫಾಕ್ಕೆ ಮರಳಿ ಕೂರುವುದರೊಳಗೆ ಮತ್ತೆ ನಿಂತಿತು. ಬೆಳಕು ಹರಿಯುವವರೆಗೂ ಅವಳದು ಇದೇ ಓಡಾಟ.

ಎರಡನೆಯ ವರದಿಯನ್ನು ಡಾಕ್ಟರಮ್ಮ ಎದುರು ಕೂರಿಸಿಕೊಂಡೇ ಹೇಳಿದರು. ಎರಡು ನಿಮಿಷಕ್ಕೊಮ್ಮೆ ಎಂಬಂತೆ ಉಸಿರು ನಿಂತಿದೆ. ರಾತ್ರಿ ಮೂಗಿಗೆ ಗಾಳಿಯೂದುವ ಮುಖವಾಡದ ಯಂತ್ರ ಹಾಕಿಕೊಂಡೇ ಮಲಗಬೇಕು. ಅದು ಒಗ್ಗಿ ಹಗಲಿನ ಜೋಂಪು ಹೋಗುವವರೆಗೆ ಸ್ಟೀರಿಂಗು ಮುಟ್ಟುವಂತಿಲ್ಲ.

ಗಂಡ ಸಿಡಿದೇಳುತ್ತಾನೆಂದು ಅವಳು ತಲೆ ತಗ್ಗಿಸಿ ಕೂತಿದ್ದಳು. ಅವನು ಕೆಲಸದ ಮಾತೇ ಎತ್ತಲಿಲ್ಲ. ವರದಿಯನ್ನು ನೋಡಿದ, ಅವಳ ಕಣ್ಣಿನ ಸುತ್ತ ಕಟ್ಟಿದ ಕಪ್ಪನ್ನು ನೋಡಿದ.

"ಎರಡು ನಿಮಿಷಕ್ಕೊಂದು ಸಲ ಅಂದ್ರೆ," ಅಂದ, "ಇಷ್ಟು ವರ್ಷ ನೀನು ಯಾವಾಗ ನಿದ್ದೆ ಮಾಡ್ತಿದ್ದೆ?"